ಎಂಟನೇ ತರಗತಿಯ ಪಟ್ಟಿ, ನಮ್ಮ ಮನೆಯ ಗುಂಪು

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಮೇಲೆ ಹಾಕಿರುವ ಚಿತ್ರ ನಮ್ಮ ಪುಟ್ಟನ ನೋಟ್‌ಪುಸ್ತಕದ ಹಾಳೆ. ಎಂಟನೇ ತರಗತಿಯ ನಾಯಕನಾಗಿ ಅವನು, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ರಾಷ್ಟ್ರಗೀತೆ ಹಾಡದೆ ಸುಮ್ಮನೆ ನಿಂತ 11 ಮಂದಿಯ ಹೆಸರನ್ನು ವಾರವಿಡೀ ಗುರುತಿಟ್ಟುಕೊಂಡು, ಶನಿವಾರ ಶಿಕ್ಷಕರಿಗೆ ಒಪ್ಪಿಸಿದ್ದಾನೆ. ಸಹಪಾಠಿಗಳನ್ನು ಹುರಿದುಂಬಿಸುವ ಈ ಕೆಲಸವನ್ನು ಯಾರೂ ಹೇಳಿಕೊಡದೆ ತಾನಾಗಿಯೇ ಮಾಡಿದ್ದಾನೆ ಎಂಬುದು, ಮೂವತ್ತು ವರ್ಷ ಶಾಲೆಯಲ್ಲಿ ಪ್ರಾರ್ಥನೆ ನಡೆಸಿದ ನನಗೆ ಹೆಮ್ಮೆಯ ಸಂಗತಿ.

ಭಾವ: ಮಾವ, ಮಗನ ಬೆನ್ನು ತಟ್ಟಿದ್ದೇನೆ. ಈ ವಯಸ್ಸಿನಲ್ಲೇ ಜವಾಬ್ದಾರಿ ಬಂದರೆ ಒಳ್ಳೆಯದು.

ನಾನು: ದೊಡ್ಡಪ್ಪ, ಮೊದಲು ಒಂದು ವಿನಂತಿ. ಆ ಹಾಳೆಯಲ್ಲಿ ಬೇರೆಯವರ ಮಕ್ಕಳ ಹೆಸರುಗಳು ಸ್ಪಷ್ಟವಾಗಿ ಕಾಣುತ್ತಿವೆ, ಆದ್ದರಿಂದ ದಯವಿಟ್ಟು ಚಿತ್ರವನ್ನು ಗುಂಪಿನಿಂದ ತೆಗೆದುಬಿಡಿ. ಎರಡನೆಯದಾಗಿ, ಇದು ಹುರಿದುಂಬಿಸುವ ಕೆಲಸ ಎಂದು ನನಗೆ ಅನ್ನಿಸುತ್ತಿಲ್ಲ. ಏಳನೇ ತರಗತಿಯಲ್ಲಿ ನಾನೂ ಇಂಥದೇ ಪಟ್ಟಿ ಬರೆದವಳು. ನನ್ನ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಹುಡುಗನೊಬ್ಬ ತುಟಿಯನ್ನಷ್ಟೇ ಅಲ್ಲಾಡಿಸುತ್ತಿದ್ದ, ದನಿ ಹೊರಡುತ್ತಿರಲಿಲ್ಲ. ಮೂರು ದಿನ ಅವನ ಹೆಸರು ಬರೆದೆ. ನಾಲ್ಕನೆಯ ದಿನ ಅವನನ್ನು ಧ್ವಜಸ್ತಂಭದ ಪಕ್ಕ ನಿಲ್ಲಿಸಿ ಒಬ್ಬನಿಂದಲೇ ಹಾಡಿಸಿದರು. ಗಂಟಲು ಒಡೆಯುವ ವಯಸ್ಸು ಅವನದು. ಅರ್ಧ ಹಾಡಿಗೆ ದನಿ ಕೀರಲಾಗಿ ಸೀಳಿತು, ಇಡೀ ಮೈದಾನ ನಕ್ಕಿತು, ನಾನೂ ನಕ್ಕೆ. ಆಮೇಲೆ ಅವನು ಪ್ರಾರ್ಥನೆ ಮುಗಿದ ಮೇಲೆಯೇ ಶಾಲೆಗೆ ಬರತೊಡಗಿದ. ತಡವಾಗಿ ಬಂದವರಿಗೆ ಅಂಗಳದಲ್ಲಿ ಕಸ ಹೆಕ್ಕುವ ಶಿಕ್ಷೆಯಿತ್ತು. ಅವನಿಗೆ ಹಾಡುವುದಕ್ಕಿಂತ ಅದೇ ವಾಸಿ ಎನಿಸಿತು.

ದೊಡ್ಡಪ್ಪ: ಮಗಳೇ, ಆ ಹುಡುಗನನ್ನು ಹಾಗೆ ನಿಲ್ಲಿಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಒಬ್ಬ ಶಿಕ್ಷಕನ ಒರಟುತನವನ್ನು ಮುಂದಿಟ್ಟುಕೊಂಡು ಇಡೀ ಪದ್ಧತಿಯನ್ನೇ ಅನುಮಾನಿಸಬೇಡ. ಮಕ್ಕಳು ಮಗ್ಗಿಯನ್ನು ಅರ್ಥ ತಿಳಿದು ಬಾಯಿಪಾಠ ಮಾಡುವುದಿಲ್ಲ, ಬಾಯಿಪಾಠವಾದ ಮೇಲೆ ಅರ್ಥ ತಾನಾಗಿ ಬರುತ್ತದೆ. ಶಾಲೆಗಳಲ್ಲಿ ಹೇಳುವ ಪ್ರತಿಜ್ಞೆಯನ್ನೇ ನೋಡು. ಪೈಡಿಮರ್ರಿ ವೆಂಕಟ ಸುಬ್ಬಾರಾವ್ ಅವರು 1962ರಲ್ಲಿ ಅದನ್ನು ತೆಲುಗಿನಲ್ಲಿ ಬರೆದರು. ಬರೆದವರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲದಿದ್ದರೂ ಇವತ್ತು ದೇಶದ ಮಕ್ಕಳು ತಮ್ಮ ತಮ್ಮ ಭಾಷೆಯಲ್ಲಿ ಅದನ್ನು ಹೇಳುತ್ತಾರೆ ಎಂದರೆ, ಅದು ದಿನವೂ ಹೇಳಿಸಿದ್ದರ ಫಲವೇ ಹೊರತು ಬೇರೇನಲ್ಲ. ರಾಷ್ಟ್ರಗೀತೆ ಸುಮಾರು 52 ಸೆಕೆಂಡುಗಳದ್ದು. ದಿನಕ್ಕೆ ಒಂದು ನಿಮಿಷವನ್ನೂ ಕೇಳದ ಶಿಸ್ತು ಭಾರವೆಂದರೆ ಹೇಗೆ?

ಭಾವ: ಜೊತೆಗೆ ಇದು ಕಾನೂನಿನ ವಿಷಯವೂ ಹೌದು. ರಾಷ್ಟ್ರಗೀತೆಯನ್ನು ಗೌರವಿಸುವುದು ಸಂವಿಧಾನದ 51-ಎ ವಿಧಿ ಹೇಳುವ ಮೂಲಭೂತ ಕರ್ತವ್ಯ. ಅದನ್ನು ಅವಮಾನಿಸಿದರೆ ಶಿಕ್ಷೆ ವಿಧಿಸುವ 1971ರ ಕಾಯ್ದೆಯೂ ಇದೆ.

ನಾನು: ಭಾವ, ಆ ಕಾಯ್ದೆಯ 3ನೇ ಕಲಂ, ಬೇಕೆಂದೇ ಹಾಡಲು ಬಿಡದವರನ್ನೂ ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವವರನ್ನೂ ಶಿಕ್ಷಿಸುತ್ತದೆ, ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಬಾಯಿ ತೆರೆಯದೆ ನೆಟ್ಟಗೆ ನಿಂತವರನ್ನು ಅದು ಮುಟ್ಟುವುದಿಲ್ಲ. ಈ ಪ್ರಶ್ನೆಯೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದ ಮಕ್ಕಳು, ರಾಷ್ಟ್ರಗೀತೆಯ ಹೊತ್ತಿನಲ್ಲಿ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟಿನಲ್ಲಿ ಸೋತ ಅವರು ಮೇಲ್ಮನವಿ ಸಲ್ಲಿಸಿದಾಗ, ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ತ್ ಅವರ ಪೀಠ, ರಾಷ್ಟ್ರಗೀತೆಯನ್ನು ಹಾಡಲೇಬೇಕೆಂದು ಯಾವ ಕಾನೂನೂ ಕಡ್ಡಾಯ ಮಾಡಿಲ್ಲ, ಎದ್ದು ನಿಂತವರು ತೋರಿಸಬೇಕಾದ ಗೌರವವನ್ನು ತೋರಿಸಿಯೇ ಇದ್ದಾರೆ ಎಂದು 1986ರ ಆಗಸ್ಟ್ 11ರಂದು ತೀರ್ಪು ನೀಡಿ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ಮಕ್ಕಳಲ್ಲೊಬ್ಬನ ಹೆಸರಿನ ಬಿಜೋ ಇಮ್ಯಾನುಯೆಲ್ ಪ್ರಕರಣವೆಂದರೆ ಅದೇ. ನೀವು ಹೇಳಿದ 51-ಎ ವಿಧಿಯೂ ಅವರ ಕಣ್ಣಮುಂದೆಯೇ ಇತ್ತು.

ಭಾವ: ಅದು ಧರ್ಮದ ನಂಬಿಕೆಯ ಪ್ರಶ್ನೆ. ಪುಟ್ಟನ ಪಟ್ಟಿಯಲ್ಲಿರುವವರು ಸೋಮಾರಿತನದಿಂದ ಹಾಡದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಡ.

ನಾನು: ಸೋಮಾರಿತನವೋ, ಸಂಕೋಚವೋ, ನಂಬಿಕೆಯೋ ಎಂಬುದು ಆ ಹಾಳೆಯಲ್ಲಿ ಎಲ್ಲಿದೆ, ಭಾವ? ಅಲ್ಲಿ ಇರುವುದು ಬರೀ ಹೆಸರು, ಅದರ ಮುಂದೆ ಕೆಂಪು ಶಾಯಿಯ ಗೀಟು. ಹಾಡಿನ ನಡುವೆ ಮಾತಾಡಿದರೆ, ಚೀಲ ಎಳೆದಾಡಿದರೆ, ಮುಂದೆ ನಿಂತವನ ಬೆನ್ನಿಗೆ ಚಿವುಟಿದರೆ ಶಿಕ್ಷಕರು ಖಂಡಿತ ತಿದ್ದಲಿ, ಅದು ಸಭೆಗೆ ಅಡ್ಡಿ. ಸುಮ್ಮನೆ ನಿಂತವನ ಕಾರಣ ಕೇಳುವ ಅಧಿಕಾರವನ್ನು ಹದಿಮೂರು ವರ್ಷದ ಇನ್ನೊಬ್ಬ ಹುಡುಗನ ಕೈಗೆ ಕೊಟ್ಟರೆ, ಆ ಅಧಿಕಾರ ಆಟದ ಮೈದಾನದ ಜಗಳಕ್ಕೂ ಬಳಕೆಯಾಗುತ್ತದೆ. ನಾನೇ ಬಳಸಿದ್ದೇನೆ, ರಬ್ಬರು ಕೊಡದವಳ ಹೆಸರನ್ನೂ ಒಮ್ಮೆ ಸೇರಿಸಿದ್ದೆ.

ಅಕ್ಕ: ಈಗಷ್ಟೇ ಪುಟ್ಟನನ್ನು ಕೂರಿಸಿಕೊಂಡು ಕೇಳಿದೆ. ಇಷ್ಟು ಜನರ ಬಾಯನ್ನು ನೋಡುತ್ತಾ ನೀನು ಹಾಡಿದ್ದು ಯಾವಾಗ ಎಂದರೆ, "ನಾನು ಹಾಡಲಿಲ್ಲಮ್ಮ, ಹಾಡಿದರೆ ಎಣಿಕೆ ತಪ್ಪುತ್ತದೆ" ಎಂದ. ಅಪ್ಪ, ಆ ಲೆಕ್ಕದಲ್ಲಿ ಪಟ್ಟಿಗೆ ಹನ್ನೆರಡನೆಯ ಹೆಸರೂ ಸೇರಬೇಕಾಗುತ್ತದೆ. ಇನ್ನೊಂದು ಸಂಗತಿ: ಹನ್ನೊಂದರಲ್ಲಿ ಒಂಬತ್ತು ಹುಡುಗರು.

ಅತ್ತೆ: ಅಣ್ಣ, ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂಬತ್ತು ಹುಡುಗರು ಎಂದ ಮೇಲೆ ಹೇಳದಿರಲಾಗಲಿಲ್ಲ. ಅವರ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೂ ಬಂದಿದ್ದೆ. ಐದನೇ ತರಗತಿಯ ಪುಟ್ಟ ಹುಡುಗಿಯರು ಮೈಕಿನ ಮುಂದೆ ತಮಗೆ ಹಿತವಾದ ಎತ್ತರದ ಶ್ರುತಿಯಲ್ಲಿ ಹಾಡು ಎತ್ತಿಕೊಂಡರು. ನಮ್ಮ ರಾಷ್ಟ್ರಗೀತೆ ಕೊನೆಯ ಜಯಕಾರಗಳ ಮೊದಲ 'ಜಯ ಹೇ'ಯಲ್ಲಿ ಒಮ್ಮೆಗೇ ಮೇಲಿನ ಸ್ವರಕ್ಕೆ ಏರುತ್ತದೆ. ಆರಂಭವೇ ಎತ್ತರವಾದರೆ ಗಂಟಲು ಒಡೆಯುತ್ತಿರುವ ಹುಡುಗರು ಅಲ್ಲಿಗೆ ತಲುಪುವುದಾದರೂ ಹೇಗೆ? ಒಂದೋ ಕಿರುಚಬೇಕು, ಇಲ್ಲವೇ ಸುಮ್ಮನಿರಬೇಕು. ಮಾನವಿರುವ ಹುಡುಗ ಸುಮ್ಮನಿರುತ್ತಾನೆ. ಸಂಗೀತ ಹೇಳಿಕೊಡುವವಳಾಗಿ ನನಗೆ ಆ ಪಟ್ಟಿಯಲ್ಲಿ ದೇಶದ್ರೋಹವಾಗಲಿ ಸೋಮಾರಿತನವಾಗಲಿ ಕಾಣುತ್ತಿಲ್ಲ, ಶ್ರುತಿಯ ತೊಂದರೆ ಕಾಣುತ್ತಿದೆ.

ಭಾವ: ಎಲ್ಲದಕ್ಕೂ ಹೀಗೆ ಕಾರಣ ಹುಡುಕುತ್ತಾ ಹೋದರೆ ಶಾಲೆಯಲ್ಲಿ ಯಾವ ನಿಯಮವೂ ಉಳಿಯುವುದಿಲ್ಲ.

ದೊಡ್ಡಪ್ಪ: ಅಳಿಯಂದಿರೇ, ಸ್ವಲ್ಪ ತಾಳಿ. ನಿಯಮ ಇರಬೇಕು ಎಂಬ ನನ್ನ ಮಾತನ್ನು ನಾನು ಹಿಂದೆಗೆದುಕೊಂಡಿಲ್ಲ. ಎದ್ದು ನಿಲ್ಲುವುದರಲ್ಲಿ, ಅಲುಗಾಡದೆ ಇರುವುದರಲ್ಲಿ ರಿಯಾಯಿತಿ ಕೂಡದು. ಆದರೆ ನನ್ನ ಕಾಲದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಶಿಕ್ಷಕರು ನಿವೃತ್ತರಾದ ಮೇಲೆಯೇ ದೊಡ್ಡ ಹುಡುಗರ ದನಿ ಅಡಗಿತು ಎಂಬುದು ಈಗ ನೆನಪಾಗುತ್ತಿದೆ. ಅದನ್ನು ನಾನು ಆಗ ಉಡಾಫೆ ಎಂದು ತಿಳಿದು ಕೆಲವರಿಗೆ ಬೆತ್ತದ ರುಚಿಯನ್ನೂ ತೋರಿಸಿದ್ದೆ. ಚಿತ್ರವನ್ನು ಅಳಿಸಿದ್ದೇನೆ. ತಂಗಿ, ಎಂಟನೇ ತರಗತಿಯ ಹುಡುಗರಿಗೂ ಎಟುಕುವ ಹಾಗೆ ಯಾವ ಶ್ರುತಿಯಲ್ಲಿ ಎತ್ತಿಕೊಳ್ಳಬೇಕೆಂದು ಮೊದಲ ಸಾಲನ್ನಷ್ಟು ಹಾಡಿ ಒಂದು ಧ್ವನಿ ಸಂದೇಶ ಕಳುಹಿಸು. ಸೋಮವಾರ ಪುಟ್ಟ ಅದನ್ನು ಮೈಕಿನ ಹುಡುಗಿಯರಿಗೆ ಕೇಳಿಸಲಿ.

ಅತ್ತೆ: ಮೊದಲ ಸಾಲು ಸಾಲದು, ಅಣ್ಣ. ಪೂರ್ತಿ ಹಾಡಿ ಕಳುಹಿಸುತ್ತೇನೆ. ಕುಕ್ಕರ್ ಇಳಿಸಿ ಬರುತ್ತೇನೆ, ಹತ್ತು ನಿಮಿಷ ಕೊಡು.