ಅವಳಿ ಮಕ್ಕಳಿಗೆ ಹಾಲು: ಬದಿ ಬದಲಿಸುವುದು ಹೇಗೆ? ಸಹಾಯ ಬೇಕು

ನನ್ನ ಅವಳಿ ಮಕ್ಕಳಿಗೆ 6 ವಾರ. ಮಗ ಜೋರಾಗಿ ಚೀಪುತ್ತಾನೆ. ಮಗಳು ಸಣ್ಣವಳು, ಸ್ವಲ್ಪ ಕುಡಿದು ನಿದ್ದೆ ಹೋಗುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಬದಿ ಅಂತ ಇಟ್ಟುಕೊಂಡಿದ್ದೇನೆ. ಈಗ ಅವಳ ಬದಿಯಲ್ಲಿ ಹಾಲು ಕಡಿಮೆಯಾಗುತ್ತಿದೆ. ಮಗು ಚೀಪಿದಷ್ಟೇ ಹಾಲು ಬರುವುದು ಅಲ್ವಾ, ಅದೇ ಭಯ.

ಇಬ್ಬರಿಗೂ ಒಟ್ಟಿಗೆ ಕುಡಿಸಿ ನೋಡಿದೆ. ಅವನು ಚೀಪುವಾಗ ಎರಡೂ ಕಡೆ ಹಾಲು ಇಳಿಯುತ್ತದೆ, ಅವಳಿಗೂ ಸುಲಭ. ಆದರೆ ನಡುವೆ ಬಾಯಿ ಬಿಟ್ಟರೆ ಮತ್ತೆ ಹಿಡಿಸಲು ನನ್ನ ಕೈ ಖಾಲಿ ಇರುವುದಿಲ್ಲ. ಆಮೇಲೆ ಪಂಪ್ ಮಾಡಿ ಚಮಚದಲ್ಲಿ ಕುಡಿಸುತ್ತೇನೆ. ತುಂಬಾ ಸುಸ್ತಾಗುತ್ತದೆ. ಇಬ್ಬರ ತೂಕವೂ ಏರುತ್ತಿದೆ ಎಂದು ಡಾಕ್ಟರ್ ಹೇಳಿದ್ದಾರೆ, ಸದ್ಯ ಅದೊಂದು ಸಮಾಧಾನ.

ಅವಳಿ ಮಕ್ಕಳಿಗೆ ಹಾಲುಣಿಸಿದ ಅಮ್ಮಂದಿರೇ, ನೀವು ಬದಿಯನ್ನು ಪ್ರತಿ ಸಲ ಬದಲಿಸಿದಿರಾ, ದಿನಕ್ಕೊಮ್ಮೆಯಾ? ಬದಲಿಸಿದ ಮೇಲೆ ಕಡಿಮೆಯಾದ ಬದಿಯಲ್ಲಿ ಹಾಲು ಮತ್ತೆ ಜಾಸ್ತಿ ಆಯಿತಾ?