ಸಹಾಯ ಬೇಕು: ಫ್ಲಾಸ್ ಫಂಡ್ ಅರ್ಜಿಯ ಕರಡು ನೋಡಿಕೊಡುವವರು

ಎಲ್ಲರಿಗೂ ನಮಸ್ಕಾರ. ಓಪನ್ ಸೋರ್ಸ್ ಕನ್ನಡ ಕೀಬೋರ್ಡಿಗಾಗಿ ಷೇರು ದಲ್ಲಾಳಿ ಕಂಪನಿ ಜೆರೋಧಾದವರ ಫ್ಲಾಸ್ ಫಂಡ್‌ಗೆ ಅರ್ಜಿ ಸಿದ್ಧವಾಗುತ್ತಿದೆ. ಉಚಿತ, ಓಪನ್ ಸೋರ್ಸ್ ತಂತ್ರಾಂಶಗಳಿಗೆ ನೆರವಾಗಲು 2024ರಲ್ಲಿ ಶುರುವಾದ ನಿಧಿ ಇದು. ಒಂದು ಪ್ರಾಜೆಕ್ಟಿಗೆ 10,000 ಡಾಲರ್‌ನಿಂದ 1,00,000 ಡಾಲರ್‌ವರೆಗೆ ಕೇಳಬಹುದು.

ಪ್ರಾಜೆಕ್ಟಿನ ವಿವರ, ಬೇಕಾದ ಹಣ ಬರೆದಿಡುವ ಫಂಡಿಂಗ್ ಡಾಟ್ ಜೇಸನ್ (funding.json) ಫೈಲ್ ನಮ್ಮ ಸೈಟಿನಲ್ಲಿದೆ, ಕೋಡ್ ಗಿಟ್‌ಹಬ್‌ನಲ್ಲಿದೆ. ಹೀಗೆ ಡೊಮೇನ್ (ವೆಬ್ ವಿಳಾಸ) ಬೇರೆಯಾದರೆ ಎರಡೂ ಒಬ್ಬರದೇ ಎಂಬ ರುಜುವಾತು ಬೇಕು. ಅದಕ್ಕೆ ಕೋಡ್ ಇಟ್ಟಿರುವ ರೆಪೊದಲ್ಲಿ ಚುಕ್ಕೆಯಿಂದ ಶುರುವಾಗುವ ವೆಲ್-ನೋನ್ ಫೋಲ್ಡರ್ ಮಾಡಿ, ಒಳಗಿನ ಫೈಲಿನಲ್ಲಿ ಜೇಸನ್ನಿನ ಪೂರ್ತಿ ವಿಳಾಸ ಒಂದು ಸಾಲಿನಲ್ಲಿ ಹಾಕಿದ್ದಾಗಿದೆ. ಜೇಸನ್ನಿನ ಪ್ಲಾನಿನಲ್ಲಿ (ಎಷ್ಟು ಹಣ ಬೇಕೆಂಬ ವಿವರ) ಬರೆದ ಚಾನೆಲ್ (ಹಣ ಪಡೆಯುವ ದಾರಿ) ಐಡಿ, ಚಾನೆಲ್ ಪಟ್ಟಿಯಲ್ಲಿರುವ ಐಡಿಗೆ ಅಕ್ಷರಶಃ ಹೊಂದಬೇಕು, ಅದನ್ನೂ ನೋಡಿದ್ದಾಯಿತು.

ತೊಡಕಿರುವುದು ಮೊತ್ತ ಬರೆಯುವುದರಲ್ಲಿ. ನಿರ್ವಹಣೆ, ಪರೀಕ್ಷೆ, ಡಾಕ್ಯುಮೆಂಟೇಶನ್ ಮೂರಕ್ಕೂ ಸೇರಿಸಿ ಒಂದೇ ವಾರ್ಷಿಕ ಪ್ಲಾನ್ ಸಾಕೇ, ಬೇರೆ ಬೇರೆ ತೋರಿಸಬೇಕೇ? ಅರ್ಜಿ ಹಾಕಿ ಗೊತ್ತಿರುವವರು ದಯವಿಟ್ಟು ಕರಡಿನ ಮೇಲೊಮ್ಮೆ ಕಣ್ಣಾಡಿಸಿ. ಒತ್ತಕ್ಷರ ತಪ್ಪದೆ ಮೂಡಿಸುವ ಈ ಕೆಲಸ ದುಡ್ಡಿಲ್ಲದೆ ನಿಲ್ಲಬಾರದು.