ಹಳೇ ಫಾರ್ಚುನರ್ ಫೋರ್ ವೀಲ್: ಸೆಂಟರ್ ಡಿಫರೆನ್ಶಿಯಲ್ ಸವೆದಿದೆ ಅಂತಿದ್ದಾರೆ, ರಿಪೇರಿನಾ ಬದಲಾಯಿಸೋದಾ?

ತೋಟದಹಾದಿ:
ನಮಸ್ಕಾರ ಎಲ್ರಿಗೂ. ನಮ್ಮದು 2010ರ ಫಾರ್ಚುನರ್ 3.0 ಮ್ಯಾನ್ಯುಯಲ್, ಫೋರ್ ಬೈ ಫೋರ್. 2 ಲಕ್ಷ 30 ಸಾವಿರ ಕಿಲೋಮೀಟರ್ ಓಡಿದೆ, ಅಪ್ಪ ತಗೊಂಡ ಗಾಡಿ, ಈಗ ನಾನು ಓಡಿಸ್ತಿದೀನಿ, ಮೂಡಿಗೆರೆ ಹತ್ರ ತೋಟ ಇರೋದ್ರಿಂದ ದಿನಾ ಮಣ್ಣು ರಸ್ತೆ, ತಿಂಗಳಿಗೆರಡು ಸಲ ಬೆಂಗಳೂರು. ಆರು ತಿಂಗಳಿಂದ ಕ್ಲಚ್ ಬಿಟ್ಟು ಹೊರಡುವಾಗ ಕೆಳಗಡೆ ಟಕ್ ಅಂತ ಸದ್ದು, ಎಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದ್ರೂ ಟಕ್, ರಿವರ್ಸ್ ಹಾಕಿದ್ರೆ ಇನ್ನೂ ಜೋರು. ಮಳೆಗಾಲಕ್ಕೆ ಮುಂಚೆ ಮುಂದಿನ ಎರಡು ಟಯರ್ ಹೊಸದು ಹಾಕಿಸಿದ್ದೆ, ಹಿಂದಿಂದು ಹಳೇದೇ. ಪೇಟೇಲಿ ಒಂದು ಗ್ಯಾರೇಜಲ್ಲಿ ತೋರಿಸಿದ್ರೆ ಐದು ನಿಮಿಷ ಓಡಿಸಿ ನೋಡಿ ಸೆಂಟರ್ ಡಿಫರೆನ್ಶಿಯಲ್ ಹೋಗಿದೆ, ಅಸೆಂಬ್ಲಿನೇ ಬದಲಾಯಿಸ್ಬೇಕು ಅಂದ್ರು. ಹೇಳಿದ ರೇಟ್ ಕೇಳಿ ಆ ರಾತ್ರಿ ನಿದ್ದೆ ಬರ್ಲಿಲ್ಲ. ಬಿಚ್ಚಿ ರಿಪೇರಿ ಮಾಡೋಕಾಗಲ್ವಾ? ನಿಜವಾಗ್ಲೂ ಅದೇ ಹೋಗಿದ್ಯಾ ಅಂತ ತಿಳ್ಕೊಳ್ಳೋದು ಹೇಗೆ? ಗಾಡಿ ಮಾರೋ ಮನಸ್ಸಿಲ್ಲ.

ಜೀಪ್_ಸಕಲೇಶಪುರ:
ಅಣ್ಣ ಸದ್ಯಕ್ಕೆ 2ಎಚ್‌ಗೆ ಹಾಕಿ ಓಡಿಸಿ, ಮುಂದಿನ ಚಕ್ರಕ್ಕೆ ಪವರ್ ಹೋಗಲ್ಲ ಅಂದ್ಮೇಲೆ ಡಿಫರೆನ್ಶಿಯಲ್‌ಗೆ ಕೆಲ್ಸಾನೇ ಇರಲ್ಲ. ನಮ್ಮ ಜೀಪಲ್ಲಿ ನಾನು ಹಂಗೇ ಮಾಡೋದು.

ಗ್ರೀಸ್‌ಗನ್_ಹುಬ್ಬಳ್ಳಿ:
ಜೀಪ್ ಅಣ್ಣಾರ, ನಿಮ್ಮ ಜೀಪ್, ಜಿಪ್ಸಿ, ಥಾರ್ ಇವಕ್ಕೆಲ್ಲಾ ಸೆಂಟರ್ ಡಿಫರೆನ್ಶಿಯಲ್ಲೇ ಇಲ್ರಿ, ಅವು ಬೇಕಾದಾಗಷ್ಟ ಫೋರ್ ವೀಲ್ ಆಗೋ ಗಾಡಿ. ಆ ಹಳೇ ಫಾರ್ಚುನರ್ ಫುಲ್ ಟೈಮ್ ಐತಿ, ಅಂದ್ರ ಯಾವಾಗ್ಲೂ ನಾಕೂ ಗಾಲಿಗೆ ಪವರ್ ಹೋಗ್ತೈತಿ, ಅದರಾಗ 2ಎಚ್ ಅನ್ನೋದ ಇಲ್ಲ, ಎಚ್, ಎಚ್‌ಎಲ್, ಎಲ್‌ಎಲ್ ಇರ್ತಾವ, ಕೊನೀ ಎಲ್ ಅಂದ್ರ ಲಾಕ್, ಎರಡು ಎಲ್ ಇದ್ದಾಗ ಮೊದಲಿಂದು ಲೋ ಗೇರು. ತಿರುವಿನಾಗ ಮುಂದಿನ ಗಾಲಿ ದೊಡ್ಡ ಸುತ್ತು ಹೊಡೀತಾವ, ಹಿಂದಿನವು ಸಣ್ಣ ಸುತ್ತು, ಹಂಗಾಗಿ ಮುಂದಿನ ಶಾಫ್ಟು ಹಿಂದಿನದಕ್ಕಿಂತ ಜಾಸ್ತಿ ತಿರುಗಬೇಕು. ಆ ವ್ಯತ್ಯಾಸ ನುಂಗಾಕ ನಡುವ ಇಟ್ಟಿದ್ದೇ ಈ ಡಿಫರೆನ್ಶಿಯಲ್. ಡಾಂಬರ್ ರಸ್ತೆದಾಗ ಇದನ್ನ ಲಾಕ್ ಮಾಡಿ ಓಡಿಸಬ್ಯಾಡ್ರಿ, ಶಾಫ್ಟು ಗೇರು ಬಿಗಿದು ಮುರೀತಾವ.

ತೋಟದಹಾದಿ ಅಣ್ಣಾ, ಬದಲಿ ಮಾಡೋ ಮಾತು ಆಮೇಲೆ. ಮೊದ್ಲು ಆ ಪ್ಲೇ (ಸಡಿಲ) ಎಲ್ಲಿಂದ ಬರಾಕತ್ತೈತಿ ಅಂತ ಹುಡುಕ್ರಿ. ಗಾಡಿ ಸಮ ಜಾಗದಾಗ ನಿಲ್ಲಿಸಿ ನಾಕೂ ಗಾಲಿಗೆ ಕಲ್ಲು ಕೊಡ್ರಿ, ಫಸ್ಟ್ ಗೇರಿಗೆ ಹಾಕಿ, ಕೆಳಗ ಹೋಗಿ ಪ್ರೊಪೆಲ್ಲರ್ ಶಾಫ್ಟ್ (ಗಾಲಿ ಕಡಿ ಪವರ್ ಒಯ್ಯೋ ಉದ್ದ ರಾಡ್) ಕೈಲೆ ಹಿಡ್ದು ಆಕಡೆ ಈಕಡೆ ತಿರುವಿ ನೋಡ್ರಿ. ಶಾಫ್ಟ್ ತುದಿಯ ಯು ಜಾಯಿಂಟ್ ಕ್ರಾಸಿನ ಒಂದು ಬದಿ ಹಿಡಿದಾಗ ಇನ್ನೊಂದು ಬದಿ ಅಲ್ಲಾಡಿದ್ರ ಕ್ರಾಸ್ ಹೋಗೇತಿ. ಶಾಫ್ಟ್ ಉದ್ದ ಆಗಾಕ ಅಂತ ಒಂದು ಸ್ಲೈಡಿಂಗ್ ಜಾಯಿಂಟ್ ಇರ್ತೈತಲ್ಲ, ಅದರ ಹಲ್ಲು ಒಣಗಿದ್ರೂ ಇದ ಟಕ್ ಸಪ್ಪಳ ಬರ್ತೈತಿ, ಗ್ರೀಸ್ ಹೊಡದ್ರ ಹೋಗ್ತೈತಿ. ಎಷ್ಟೋ ಮಂದಿ ಟ್ರಾನ್ಸ್‌ಫರ್ ಕೇಸ್ (ಮುಂದ ಹಿಂದ ಪವರ್ ಹಂಚೋ ಬಾಕ್ಸ್, ಸೆಂಟರ್ ಡಿಫರೆನ್ಶಿಯಲ್ ಇದರೊಳಗ ಇರ್ತೈತಿ) ಬಿಚ್ಚಿಸ್ಕೊಂಡು ಆಮೇಲೆ ಗ್ರೀಸ್ ಹೊಡ್ದಾರ.

ಇವೆರಡೂ ಚಲೋ ಇದ್ರ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಫ್ಲೇಂಜ್ (ಶಾಫ್ಟ್ ಬೋಲ್ಟ್ ಆಗೋ ತಟ್ಟಿ) ಮೇಲೆ ಮತ್ತ ಪಕ್ಕದ ಬಾಡಿ ಮೇಲೆ ಚಾಕ್‌ಪೀಸಿಂದ ಗೆರಿ ಎಳೀರಿ. ಎಚ್‌ನಾಗ ಎಷ್ಟು ಅಲ್ಲಾಡ್ತೈತಿ ನೋಡ್ಕೊಳ್ರಿ. ಆಮೇಲೆ ಎಚ್‌ಎಲ್‌ಗೆ ಹಾಕಿ, ಗಾಡಿ ಒಂದೆರಡು ಅಡಿ ಮುಂದ ಹಿಂದ ಮಾಡಿ, ಲಾಕ್ ಲೈಟ್ ಹತ್ತಿದ ಮ್ಯಾಲೆ ಮತ್ತ ಅದ ಅಳತಿ. ಲಾಕ್ ಮಾಡಿದಾಗ ಪ್ಲೇ ಅರ್ಧಕ್ಕ ಇಳೀತು ಅಂದ್ರ ಆ ಇಳಿದ ಅರ್ಧ ಸೆಂಟರ್ ಡಿಫರೆನ್ಶಿಯಲ್‌ದು. ಇಳೀಲಿಲ್ಲ ಅಂದ್ರ ಗ್ಯಾರೇಜಿನವರು ಹೇಳಿದ್ದು ತಪ್ಪು.

ಟಯರ್ ವಿಷಯ ಓದಿ ನನಗ ಭಾಳ ಬ್ಯಾಸರ ಆತು. ನಿಮ್ಮ ಟಯರ್ 265/65 ಆರ್ 17 ಇರಬೇಕು, ಹೊಸದು ಒಂದು ಸುತ್ತಿಗೆ 2.44 ಮೀಟರ್ ಹತ್ರ ಹೋಗ್ತೈತಿ. ಹಳೇದರ ಬಟನ್ 5 ಮಿಲಿಮೀಟರ್ ಸವೆದಿದ್ರ ಅದರ ಸುತ್ತಳತಿ 31 ಮಿಲಿಮೀಟರ್ ಕಡಿಮಿ. ಲೆಕ್ಕಾ ಹಾಕ್ರಿ, ಕಿಲೋಮೀಟರಿಗೆ ಐದು ಸುತ್ತು ಫರಕು. ಮೂಡಿಗೆರೆಯಿಂದ ಬೆಂಗಳೂರಿಗೆ 240 ಕಿಲೋಮೀಟರ್ ಅಂತ ಹಿಡಿದ್ರೂ 1,200 ಸುತ್ತು. ನೀವು ಸ್ಟೀರಿಂಗ್ ನೆಟ್ಟಗ ಹಿಡ್ಕೊಂಡು ಹೊಂಟಿರ್ತೀರಿ, ಡಿಫರೆನ್ಶಿಯಲ್ ಮಾತ್ರ ತಿರುವಿನಾಗ ಇದ್ದಂಗ ದಾರಿ ಉದ್ದಕ್ಕೂ ದುಡೀತಿರ್ತೈತಿ. ಹೊಸಾ ಡಿಫರೆನ್ಶಿಯಲ್ ಹಾಕಿದ್ರೂ ಈ ಟಯರ್ ಜೋಡಿ ಬಿಟ್ರ ಅದನ್ನೂ ತಿಂತಾವ. ಫುಲ್ ಟೈಮ್ ಗಾಡಿಗೆ ನಾಕೂ ಒಂದ ಕಂಪನಿ, ಒಂದ ಸವಕಳಿ ಇರಬೇಕು.

ಮಸ್ಕತ್‌ಕನ್ನಡಿಗ:
ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಹತ್ರ ಹಳೇ ಲ್ಯಾಂಡ್ ರೋವರ್ ಡಿಫೆಂಡರ್ ಇದೆ, ಅದರ ಎಲ್‌ಟಿ230 ಟ್ರಾನ್ಸ್‌ಫರ್ ಕೇಸಲ್ಲಿ ಸೆಂಟರ್ ಡಿಫರೆನ್ಶಿಯಲ್ ಹೋಗಿ ಎರಡು ವರ್ಷದ ಹಿಂದೆ ಬದಲಾಯಿಸಿದೀನಿ. ಮರಳಲ್ಲಿ ಲಾಕ್ ಹಾಕೋದು ಮರೆತು ಒಂದು ಕಡೆ ಚಕ್ರ ಸುಮ್ನೆ ಗಿರಗಿರ ತಿರುಗೋಕೆ ಬಿಟ್ಟಿದ್ದೇ ಕಾರಣ, ಆಗ ಒಳಗಿನ ಸಣ್ಣ ಗೇರ್‌ಗಳು ಕ್ರಾಸ್ ಪಿನ್ ಮೇಲೆ ಸ್ಪೀಡಾಗಿ ತಿರುಗಿ ಆಯಿಲ್ ಪದರ ಹರಿದುಹೋಗುತ್ತೆ. ಬಿಚ್ಚಿದಾಗ ಆ ಪಿನ್ ನೋಡಿ ಹೊಟ್ಟೆ ಉರೀತು, ಬೆರಳಿನಷ್ಟು ದಪ್ಪದ ಉಕ್ಕಿನ ಪಿನ್, ಉಗುರು ಇಟ್ರೆ ಸಿಕ್ಕಿಕೊಳ್ಳೋ ಅಷ್ಟು ಆಳ ಕಚ್ಚು ಬಿದ್ದಿತ್ತು, ಹಿಂದಿನ ವಾಷರ್‌ಗಳು ಕಾಗದದಷ್ಟು ತೆಳ್ಳಗೆ. ನನ್ನ ಬಾಕ್ಸಲ್ಲಿ ಪಿನ್ನು, ವಾಷರ್ರು, ಸಣ್ಣ ಗೇರು ಬಿಡಿಬಿಡಿಯಾಗಿ ಸಿಗುತ್ತೆ. ನಿಮ್ಮ ಗಾಡೀಲಿರೋದು ಟಾರ್ಸನ್ (ತಿರುಚು ಹಲ್ಲಿನ ಗೇರ್‌ಗಳಿಂದ ಪವರ್ ಹಂಚೋ) ಜಾತಿದು, ಅದನ್ನ ಬಿಚ್ಚಿ ಗೇರ್ ಬದಲಾಯಿಸ್ತೀನಿ ಅನ್ನೋರನ್ನ ನಂಬಬೇಡಿ, ಒಟ್ಟಿಗೇ ಬದಲಾಯಿಸೋದು ಒಳ್ಳೇದು.

ಒಂದು ವಿಷಯ ಮನಸ್ಸಲ್ಲಿಟ್ಟುಕೊಳ್ಳಿ, ಹೊಸದು ಹಾಕಿದ್ಮೇಲೂ ನನ್ನ ಗಾಡೀಲಿ ಸದ್ದು ಅರ್ಧ ಮಾತ್ರ ಹೋಯ್ತು. ಮಿಕ್ಕಿದ್ದು ಹಿಂದಿನ ಚಕ್ರದ ಡ್ರೈವ್ ಫ್ಲೇಂಜ್ ಹಲ್ಲಿಂದು, ಅಲ್ಲೊಂಚೂರು ಇಲ್ಲೊಂಚೂರು ಸೇರಿ ಒಂದೇ ಟಕ್ ಆಗಿ ಕೇಳ್ಸುತ್ತೆ.

ಟ್ರಾನ್ಸ್‌ಫರ್ ಕೇಸ್ ಆಯಿಲ್ ಇಳಿಸಿ ನೋಡಿದ್ರಾ? ಮೊದ್ಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚೋಕೆ ಬರುತ್ತಾ ನೋಡ್ಕೊಂಡು ಆಮೇಲೆ ಕೆಳಗಿನ ಡ್ರೈನ್ ಬಿಚ್ಚಿ, ಇಲ್ದಿದ್ರೆ ಆಯಿಲ್ ಇಳಿದುಹೋಗಿ ಮತ್ತೆ ತುಂಬೋಕೆ ದಾರಿ ಇರಲ್ಲ. ಬೋಲ್ಟಿಗೆ ಬೂದುಬಣ್ಣದ ಕಾಡಿಗೆ ಥರ ಅಂಟಿದ್ರೆ ಅದು ಮಾಮೂಲಿ ಸವಕಳಿ. ಬೆರಳಲ್ಲಿ ಉಜ್ಜಿದಾಗ ಚುಚ್ಚೋ ಚೂರು ಸಿಕ್ರೆ ಬಾಕ್ಸ್ ಬಿಚ್ಚಲೇಬೇಕು.

ತೋಟದಹಾದಿ:
ಇಬ್ರಿಗೂ ಕೈಮುಗಿದು ಥ್ಯಾಂಕ್ಸ್. ಭಾನುವಾರ ನಾನು, ನಮ್ಮ ಡ್ರೈವರಣ್ಣ ಇಬ್ರೂ ಕಾಫಿ ಒಣಗ್ಸೋ ಕಣದಲ್ಲಿ ಗಾಡಿ ನಿಲ್ಲಿಸಿ ಹೇಳಿದ್ದೆಲ್ಲಾ ಮಾಡಿದ್ವಿ. ಮುಂದಿನ ಶಾಫ್ಟ್ ಸ್ಲೈಡಿಂಗ್ ಜಾಯಿಂಟು ಪೂರ್ತಿ ಒಣಗಿತ್ತು, ಗ್ರೀಸ್ ನಿಪ್ಪಲ್ ಮಣ್ಣಲ್ಲಿ ಮುಚ್ಚಿಹೋಗಿ ಅಲ್ಲೊಂದು ನಿಪ್ಪಲ್ ಇದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಗ್ರೀಸ್ ಹೊಡೆದ್ಮೇಲೆ ಸದ್ದು ಎಷ್ಟೋ ಕಮ್ಮಿ ಆಗಿದೆ. ಆದ್ರೆ ಚಾಕ್ ಗೆರೆ ಇಟ್ಟು ನೋಡಿದಾಗ ಎಚ್‌ನಲ್ಲಿ ಹೆಬ್ಬೆರಳಗಲ ಅಲ್ಲಾಡ್ತಿದ್ದಿದ್ದು ಎಚ್‌ಎಲ್‌ನಲ್ಲಿ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಬಂತು. ತೋಟದ ರಸ್ತೇಲಿ ಲಾಕ್ ಹಾಕಿ ಓಡ್ಸಿದ್ರೆ ಟಕ್ ಇಲ್ವೇ ಇಲ್ಲ. ಆಯಿಲ್ ಅರ್ಧಕ್ಕಿಂತ ಕಮ್ಮಿ ಇತ್ತು, ಹಿಂದಿನ ಸೀಲಿಂದ ಸೋರಿದೆ, ಡ್ರೈನ್ ಬೋಲ್ಟಲ್ಲಿ ಅಕ್ಕಿ ನುಚ್ಚಿನಷ್ಟು ಎರಡು ಚೂರು. ಅಲ್ಲಿಗೆ ಡಿಫರೆನ್ಶಿಯಲ್ ಹೋಗಿರೋದು ನಿಜ. ಹಿಂದಕ್ಕೂ ಎರಡು ಹೊಸ ಟಯರ್ ಆರ್ಡರ್ ಮಾಡಿದೀನಿ. ಈಗ ಬೆಂಗಳೂರಲ್ಲಿ ಶಿವಾಜಿನಗರದ ಗುಜರೀಲಿ ಆಕ್ಸಿಡೆಂಟ್ ಗಾಡೀದು ಪೂರ್ತಿ ಟ್ರಾನ್ಸ್‌ಫರ್ ಕೇಸ್ ಇದೆ ಅಂತ ಸ್ನೇಹಿತ ಹೇಳ್ತಿದಾನೆ, ಹೊಸ ಡಿಫರೆನ್ಶಿಯಲ್ ಒಂದಕ್ಕಿಂತ ಕಮ್ಮೀಲಿ ಸಿಗುತ್ತೆ. ತಗೋಬಹುದಾ?

ಗ್ರೀಸ್‌ಗನ್_ಹುಬ್ಬಳ್ಳಿ:
ತಗೋಬಹುದು, ಆದ್ರ ನೀವ ಖುದ್ದು ಹೋಗ್ರಿ. ನಿಮ್ಮ ಗಾಡಿದು ಹಿಂದ ಮುಂದ ಫ್ಲೇಂಜಿನ ಬೋಲ್ಟ್ ತೂತು, ಗೇರ್ ಬಾಕ್ಸ್ ಕಡಿ ಶಾಫ್ಟಿನ ಹಲ್ಲು ಎಣಿಸಿ ಫೋಟೋ ಹೊಡ್ಕೊಂಡು ಹೋಗ್ರಿ, ಅದ ಮಾಡೆಲ್, ಅದ ಮ್ಯಾನ್ಯುಯಲ್ ಗಾಡಿದ ಬಾಕ್ಸ್ ಇರಬೇಕು. ಒಂದು ಫ್ಲೇಂಜ್ ಹಿಡಿದು ಇನ್ನೊಂದು ತಿರುವಿ ಪ್ಲೇ ನೋಡ್ರಿ, ಮ್ಯಾಲೆ ಕೆಳಗ ಎತ್ತಿ ನೋಡ್ರಿ, ಎತ್ತಿದಾಗ ಅಲ್ಲಾಡಿದ್ರ ಬೇರಿಂಗ್ ಹೋಗೇತಿ. ಕೇಸಿಗೆ ಕೂದಲೆಳಿ ಬಿರುಕು ಇದ್ರೂ ಬ್ಯಾಡ, ಆಕ್ಸಿಡೆಂಟ್ ಗಾಡ್ಯಾಗ ಮೌಂಟಿಂಗ್ ಕಿವಿ ಹತ್ರ ಒಡೆದಿರ್ತೈತಿ. ಆಯಿಲ್ ಪೂರ್ತಿ ಇಳಿಸಿ ತೊಳೆದು ಇಟ್ಟಿದ್ರ ಒಳಗಿನ ಚೂರು ಕಾಣಂಗಿಲ್ಲ, ಆಗ ಬಿಚ್ಚಿ ತೋರ್ಸು ಅನ್ರಿ. ಬಿಚ್ಚಿದಾಗ ಮುಂದಿನ ಶಾಫ್ಟಿಗೆ ಹೋಗೋ ಚೈನ್ ಜೋಲಿ ಬಿದ್ದೈತೇನು ನೋಡ್ರಿ, ಅದನ್ನ ಯಾರೂ ನೋಡಂಗಿಲ್ಲ. ತಂದ ಮ್ಯಾಲೆ ಆಯಿಲ್ ಸೀಲ್ ಎಲ್ಲಾ ಹೊಸಾವು ಹಾಕಿಸ್ರಿ. ನಿಮ್ಮ ಹಳೇ ಬಾಕ್ಸ್ ಅವರಿಗೆ ಕೊಟ್ಟು ಬರಬ್ಯಾಡ್ರಿ, ಅದರ ಕೇಸು ಮತ್ತ ಚಲೋ ಇರೋ ಬೇರಿಂಗು ಮುಂದ ಬೇಕಾಗ್ತಾವ.

ಮಸ್ಕತ್‌ಕನ್ನಡಿಗ:
ಇನ್ನೊಂದು. ಕೆಲ್ಸಕ್ಕೆ ಬೆಂಗಳೂರಿಗೆ ಗಾಡಿ ಟೋ ಮಾಡಿಸೋದಾದ್ರೆ ಫ್ಲಾಟ್‌ಬೆಡ್ ಮೇಲೆ ನಾಲ್ಕೂ ಚಕ್ರ ಹತ್ತಿಸ್ಕೊಂಡು ಹೋಗೋಕೆ ಹೇಳಿ. ಮುಂದೆ ಎತ್ತಿ ಹಿಂದಿನ ಎರಡು ಚಕ್ರ ರೋಡಲ್ಲಿ ಉರುಳಿಸ್ಕೊಂಡು ಹೋದ್ರೆ ದಾರೀಲೇ ಉಳಿದ ಗೇರ್‌ಗಳೂ ಮುಗೀತವೆ.

ತೋಟದಹಾದಿ:
ಸರಿ ಸರ್, ಶನಿವಾರ ಫೋಟೋ ತಗೊಂಡು ಶಿವಾಜಿನಗರಕ್ಕೆ ಹೋಗ್ತಿದೀನಿ, ಬಸ್ಸಲ್ಲಿ. ಬಾಕ್ಸ್ ಬಿಚ್ಚಿದಾಗಿನ ಚಿತ್ರ ಇಲ್ಲೇ ಹಾಕ್ತೀನಿ, ಚೈನ್ ನೋಡಿ ಹೇಳಿ.